ಮಾವ ಒಂದೇ ಕೈಯಲ್ಲಿ ಚಾಕು ಬಿಚ್ಚಿದ್ದು

ಮಡಚುವ ಚಾಕನ್ನು ಒಂದೇ ಕೈಯಲ್ಲಿ ಬಿಚ್ಚಬೇಕೆಂದು ಮನೆಯ ಹಿರಿಯರೊಬ್ಬರು ಹಟ ಹಿಡಿದರೆ ಆ ಮನೆಯ ಗತಿ ಏನಾಗುತ್ತದೆ ಎಂದು ನನ್ನನ್ನು ಕೇಳಬೇಕು. ನಡುಮನೆಯ ಬಾಗಿಲಿಗೆ ಸಾಲಾಗಿ ಕಚ್ಚು ಬೀಳುತ್ತದೆ. ಒಗೆದು ಮಡಿಸಿಟ್ಟ ಪಂಚೆಗಳು ಮಂಡಿಯ ಹತ್ತಿರ ಹರಿಯುತ್ತವೆ. ಕಡೆದಿಟ್ಟ ಮಜ್ಜಿಗೆಯೊಳಗೆ ಚಾಕು ಸಿಗುತ್ತದೆ. ಇಷ್ಟೆಲ್ಲ ಆದ ಮೇಲೂ ಆ ಹಿರಿಯರು, ತಪ್ಪೆಲ್ಲ ಮಜ್ಜಿಗೆಯದು ಎಂಬಂತೆ ಪಾತ್ರೆಯನ್ನೇ ದುರುಗುಟ್ಟಿಕೊಂಡು ನೋಡುತ್ತಾರೆ.

ಆ ಹಿರಿಯರು ನಮ್ಮ ಮಾವ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಧುಗಿರಿಯಲ್ಲಿ ಬೆಟ್ಟದ ಬುಡದ ಬೀದಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ನಮ್ಮವರು ಸಹಕಾರ ಸಂಘಗಳ ಇನ್ಸ್‌ಪೆಕ್ಟರು. ಸೋಮವಾರ ಬೆಳಿಗ್ಗೆ ಸೈಕಲ್ಲನ್ನು ಬಸ್ಸಿನ ನೆತ್ತಿಗೆ ಏರಿಸಿಕೊಂಡು ಹೊರಟರೆ ಕೊರಟಗೆರೆ, ಶಿರಾ, ಕಳ್ಳಂಬೆಳ್ಳ ಎಂದು ಸುತ್ತಿ ಶನಿವಾರ ಸಾಯಂಕಾಲ ಮನೆ ಸೇರುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ವಾರವೆಲ್ಲ ಮನೆಯಲ್ಲಿ ಇರುತ್ತಿದ್ದವರು ನಾನು, ಮಾವ, ಮತ್ತೆ ಆ ಚಾಕು.

ಮಾವ ಐ.ಡಿ.ಹಳ್ಳಿಯ ಕಡೆಯವರು. ವಯಸ್ಸಿನಲ್ಲಿದ್ದಾಗ ಹುಣಸೇಹಣ್ಣಿನ ವ್ಯಾಪಾರ ಮಾಡಿದವರು. ಗಾಡಿಯಲ್ಲಿ ಬಂದ ಹಣ್ಣಿನ ಉಂಡೆಗೆ ಚಾಕು ಹಾಕಿ ಸೀಳಿ, ಒಳಗೆ ಬೀಜ ಎಷ್ಟು, ನಾರು ಎಷ್ಟು ಎಂದು ನೋಡಿಯೇ ಮಾತಿಗೆ ಕೂರುತ್ತಿದ್ದರಂತೆ. ಆ ಕಾಲದಲ್ಲಿ ಶಿರಾದ ಸಾಹೇಬರೊಬ್ಬರು ಮಾಡಿಕೊಟ್ಟ ಚಾಕು ಅದು. ಕೋಡಿನ ಹಿಡಿ, ಎರಡು ತುದಿಗೂ ಹಿತ್ತಾಳೆಯ ಕಟ್ಟು, ಒಳಗೆ ಗಟ್ಟಿಯಾದ ಸ್ಪ್ರಿಂಗು. ಎಡಗೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದು, ಅಲಗಿನ ಮೇಲಿರುವ ಸಣ್ಣ ಗೀರಿಗೆ ಬಲಗೈ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆದರೆ ಟಕ್ ಎಂದು ಬಿಚ್ಚಿಕೊಳ್ಳುತ್ತಿತ್ತು. ಎರಡು ಕೈ ಗಟ್ಟಿಯಾಗಿದ್ದವರಿಗೇ ಅದು ಅಷ್ಟು ಸುಲಭವಾಗಿರಲಿಲ್ಲ.

ಆ ವರ್ಷ ಗಣೇಶನ ಹಬ್ಬ ಕಳೆದ ಮೇಲೆ, ಒಂದು ಬೆಳಿಗ್ಗೆ ಮುಖ ತೊಳೆಯಲು ಹೋದ ಮಾವನ ಎಡಗೈಯಿಂದ ಚೊಂಬು ಜಾರಿ ಬಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಲಕ್ವ ಹೊಡೆದಿತ್ತು. ಸ್ವಲ್ಪ ದಿನ ಕಾಲನ್ನೂ ಎಳೆದುಕೊಂಡು ನಡೆದರು. ಕಾಲು ಸರಿಹೋಯಿತು; ಕೈ ಮಾತ್ರ ಹೆಗಲಿಗೆ ತೂಗುಹಾಕಿದ ಚೀಲದಂತೆ ಉಳಿದುಬಿಟ್ಟಿತು. ಮಾತಿಗೆ ಏನೂ ಆಗಿರಲಿಲ್ಲ. ಅದಕ್ಕಾಗಿ ನಾನು ದೇವರಿಗೆ ದೀಪ ಹಚ್ಚಿ ಕೈಮುಗಿದೆ. ಆಮೇಲಿನ ತಿಂಗಳುಗಳಲ್ಲಿ ಕೈಮುಗಿದದ್ದು ಅವಸರವಾಯಿತೇನೋ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಇಲ್ಲಿ ಪಾವಗಡದಲ್ಲಿದ್ದ ದೊಡ್ಡತ್ತೆಯ ವಿಷಯ ಹೇಳಬೇಕು. ಅವರು ಮಾವನ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡೇ ಬೆಳೆಸಿದವರು. ಮಾವ ಪ್ರತಿ ಸಂಕ್ರಾಂತಿಗೆ ಎಳ್ಳುಬೆಲ್ಲ, ಒಂದು ಚೀಲ ಸೀಬೆಹಣ್ಣು ತೆಗೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದರು. ದೊಡ್ಡತ್ತೆಗೆ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಸೀಬೆಹಣ್ಣೆಂದರೆ ಪ್ರಾಣ. ಜಗಲಿಯ ಮೇಲೆ ಕೂತು, ಜೇಬಿನಿಂದ ಚಾಕು ತೆಗೆದು, ಬೀಜವನ್ನೆಲ್ಲ ಕೆರೆದು ಹಾಕಿ, ತಿರುಳನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಕೊಯ್ದು ಅಕ್ಕನಿಗೆ ಕೊಡುವುದು ಮಾವನ ಕೆಲಸ. ಬೇರೆ ಯಾರು ಕೊಯ್ದುಕೊಟ್ಟರೂ ಅವರಿಗೆ ಬೀಜ ಸಿಕ್ಕುತ್ತಿತ್ತಂತೆ.

ದೊಡ್ಡತ್ತೆಯ ಗಂಡ ಹೋದದ್ದೂ ಲಕ್ವದಿಂದಲೇ. ಮೊದಲು ಎಡಗೈ, ಆಮೇಲೆ ಕಾಲು, ಆಮೇಲೆ ಮಾತು. ವರ್ಷಗಟ್ಟಲೆ ದೊಡ್ಡತ್ತೆ ಅವರನ್ನು ಮಗುವಿನಂತೆ ಎತ್ತಿ ಇಳಿಸಿ ನೋಡಿಕೊಂಡರು. ಅದಕ್ಕೇ ಮಾವ ತಮ್ಮ ಕೈಯ ವಿಷಯ ಪಾವಗಡಕ್ಕೆ ತಿಳಿಸಬಾರದೆಂದು ನಮ್ಮಿಬ್ಬರಿಂದಲೂ ಆಣೆ ಹಾಕಿಸಿಕೊಂಡಿದ್ದರು. “ನೋಡಿದ್ರೆ ಅವ್ಳು ಅವತ್ತೇ ಎದೆ ಒಡ್ಕಂತಾಳೆ. ಒಂದ್ಸಲ ಕಂಡಿರೋಳು ಕಣಮ್ಮ. ಎರಡನೇ ಸಲ ಕಾಣೋದ್ ಬ್ಯಾಡ.”

ಆದರೆ ಪಾವಗಡದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸುವ ಅಭ್ಯಾಸ ದೊಡ್ಡತ್ತೆಗಿತ್ತು. ದೀಪಾವಳಿಯ ಮೇಲೆ ಅವನು ಬಾಗಿಲಲ್ಲೇ ನಿಂತು ಒಪ್ಪಿಸಿ ಹೋದ: “ಈ ಸಂಕ್ರಾಂತಿಗೆ ತಮ್ಮ ಬರ್ದಿದ್ರೆ ನಾನೇ ಬರ್ತೀನಿ ಅಂದವ್ರೆ ಅಜ್ಜಿ.”

ಅಂದಿನಿಂದ ಶುರುವಾಯಿತು. ಅಕ್ಕ ಇಲ್ಲಿಗೆ ಬಂದರೆ ನಾಲ್ಕು ದಿನ ಇರುತ್ತಾಳೆ, ಎಲ್ಲ ಬಯಲಾಗುತ್ತದೆ. ತಾನೇ ಹೋದರೆ ಅರ್ಧ ದಿನ ಕೂತು ಎದ್ದು ಬರಬಹುದು. ಆ ಅರ್ಧ ದಿನದಲ್ಲಿ ಎರಡು ಕೈ ಬೇಕಾಗುವ ಕೆಲಸ ಯಾವುದು ಎಂದು ಮಾವ ಲೆಕ್ಕ ಹಾಕಿದರು. ಅವರಿಗೆ ಹೊಳೆದದ್ದು ಒಂದೇ. ಚಾಕು.

“ಮಾವ, ಕೈ ಜೋತುಬಿದ್ದಿರೋದು ಅವರಿಗೆ ಕಾಣಲ್ವೆ?” ಎಂದೆ.

“ಶಾಲು ಹೊದ್ಕೊಂಡಿರ್ತೀನಿ. ಚಳಿಗಾಲ. ಯಾರ್ ಕೇಳ್ತಾರೆ?”

“ಸರಿ, ಚಾಕು ಬಿಚ್ಚಿದಿರಿ ಅಂತಿಟ್ಕೊಳ್ಳಿ. ಒಂದು ಕೈಯಲ್ಲಿ ಹಣ್ಣು ಕೊಯ್ಯೋದು ಹೇಗೆ?”

“ಅದು ಆಮೇಲಿನ ಮಾತು ಕಣಮ್ಮ. ಜಗಲಿ ಮ್ಯಾಲೆ ಮಡಗಿ ಒತ್ತಿ ಕುಯ್ತೀನಿ. ಚಾಕು ಬಿಚ್ಚದಂಗೆ ಹಣ್ಣು ಕುಯ್ಯಕಾಯ್ತದಾ?”

“ಅಡುಗೆಮನೆ ಚಾಕು ತಗೊಂಡು ಹೋಗಿ. ಬಿಚ್ಚೋ ಗೋಜೇ ಇಲ್ಲ.”

“ಜೇಬ್ನಾಗೆ ಮಡಚಾಕಾಗ್ದಿರೋ ಚಾಕು ಇಟ್ಕಂಡು ಬಸ್ ಹತ್ತು ಅಂತೀಯಾ? ಕೂತ್ರೆ ನನ್ಗೇ ಚುಚ್ತದೆ. ನಿಂತ್ರೆ ಪೋಲೀಸ್ನೋರು ಇಳ್ಸ್ಕಂತಾರೆ.”

“ಹಾಗಾದ್ರೆ ಜೊತೆಗೆ ನಾನು ಬರ್ತೀನಿ. ನಾನೇ ಬಿಚ್ಚಿ ಕೊಡ್ತೀನಿ.”

ಅದಂತೂ ಸಾಧ್ಯವೇ ಇಲ್ಲದ ಮಾತು. ಅವರ ಮನೆತನದಲ್ಲಿ ಚಾಕನ್ನು ಕೈಯಿಂದ ಕೈಗೆ ಕೊಡುವಂತಿರಲಿಲ್ಲ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂದು ನೆಲದ ಮೇಲಿಟ್ಟು, ಇನ್ನೊಬ್ಬರು ಎತ್ತಿಕೊಳ್ಳಬೇಕು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕತ್ತರಿಯಾಗಲಿ ಚಾಕುವಾಗಲಿ ಹಿಡಿಯ ಕಡೆ ಮುಂದುಮಾಡಿ, ಮುಖ ನೋಡಿ, ಕೈಗೇ ಕೊಡಬೇಕೆಂದು ಬೆರಳ ಗೆಣ್ಣಿಗೆ ಏಟು ಹಾಕಿ ಕಲಿಸಿದ್ದರು. ಮದುವೆಯಾದ ಹೊಸತರಲ್ಲಿ ಒಮ್ಮೆ ಹಾಗೆ ಕೊಡಲು ಹೋದಾಗ ಮಾವ ಹಾವು ಕಂಡವರಂತೆ ಕೈ ಹಿಂದಕ್ಕೆ ಎಳೆದುಕೊಂಡಿದ್ದರು. ಈಗ ನಾನು ಬಿಚ್ಚಿ ನೆಲದ ಮೇಲಿಡಬೇಕು, ಅವರು ಅಕ್ಕನ ಎದುರಿಗೆ ಬಗ್ಗಿ, ಶಾಲು ಜಾರಿ, ಕೈ ಹೊರಬಿದ್ದು, ಅದನ್ನು ಎತ್ತಿಕೊಳ್ಳಬೇಕು. “ನೀನು ಬಿಚ್ಚಿದ್ರೆ ಅವ್ಳು ಅಲ್ಲೇ ಹಿಡೀತಾಳೆ ಬುಡು” ಎಂದರು.

ಮೊದಲು ಬಲಗೈಯೊಂದರಲ್ಲೇ ಪ್ರಯತ್ನ ಮಾಡಿದರು. ನಾಲ್ಕು ಬೆರಳಲ್ಲಿ ಹಿಡಿಯನ್ನು ಅಂಗೈಗೆ ಅದುಮಿಕೊಂಡು ಹೆಬ್ಬೆರಳಿನ ಉಗುರಲ್ಲಿ ಅಲಗನ್ನು ಮೀಟುವುದು. ಉಗುರು ಮುರಿಯಿತು. ಬೆಳೆಯಲಿ ಎಂದು ಕಾಯುವ ವ್ಯವಧಾನ ಅವರಿಗಿಲ್ಲ. ಹಲ್ಲಿಗೆ ಇಳಿದರು.

ಅವರ ಮುಂದಿನ ಹಲ್ಲು ಗಟ್ಟಿಯಾಗಿದ್ದವು. ಅಲಗಿನ ಬೆನ್ನನ್ನು ಹಲ್ಲಲ್ಲಿ ಕಚ್ಚಿ, ಹಿಡಿಯನ್ನು ಬಲಗೈಯಲ್ಲಿ ಎಳೆದರೆ ಬಿಚ್ಚಿಕೊಂಡೇಬಿಟ್ಟಿತು. ನಾನು ಉಸಿರು ಬಿಟ್ಟೆ. ಆದರೆ ಹಲ್ಲಿಗೆ ತಾಕಿದ ಮೇಲೆ ಚಾಕು ಎಂಜಲಾಯಿತಲ್ಲ? ಅಕ್ಕ ತಿನ್ನುವ ಹಣ್ಣನ್ನು ಎಂಜಲು ಚಾಕುವಿನಲ್ಲಿ ಕೊಯ್ಯುವುದು ಹೇಗೆ? ಅದಕ್ಕೆ ಬಿಚ್ಚಿದ ಕೂಡಲೇ ಹಿತ್ತಲಿಗೆ ಹೋಗಿ ತೊಳೆಯುತ್ತಿದ್ದರು. ಅಭ್ಯಾಸಕ್ಕೆಂದು ಬಿಚ್ಚಿದಾಗಲೂ ತೊಳೆಯುತ್ತಿದ್ದರು. ತೊಳೆದು, ಒದ್ದೆಯಾಗಿರುವಾಗಲೇ ತೊಡೆಗೆ ಒತ್ತಿ ಮಡಚಿ ಜೇಬಿಗೆ ಹಾಕುತ್ತಿದ್ದರು. ಒಂದು ವಾರದಲ್ಲಿ ಅವರ ಅಂಗಿಯ ಜೇಬಿನಲ್ಲಿ ತುಕ್ಕಿನ ಕಲೆ ಬಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಹೋಗಲಿಲ್ಲ.

“ಮಾವ, ನೀವು ತೊಳೆದೂ ತೊಳೆದೂ ಕೀಲಿಗೆ ತುಕ್ಕು ಹಿಡೀತಿದೆ. ಅದಕ್ಕೇ ದಿನದಿಂದ ದಿನಕ್ಕೆ ಬಿಗಿ ಆಗ್ತಿರೋದು.”

“ಎಂಜ್ಲು ಕಣಮ್ಮ.”

“ಒಣಗಿದ ಬಟ್ಟೇಲಿ ಒರೆಸಿ ಸಾಕು.”

“ಒರ್ಸಿದ್ರೆ ಎಂಜ್ಲು ಹೋಯ್ತದಾ? ಬಟ್ಟೆಗೆ ಅಂಟ್ಕಂತದೆ ಅಷ್ಟೆ. ನಿಮ್ ಕಾನ್ವೆಂಟ್ನಾಗೆ ಅಷ್ಟೂ ಹೇಳ್ಕೊಟ್ಟಿಲ್ವಾ?”

ಬಿಗಿಯಾದಷ್ಟೂ ಗಟ್ಟಿಯಾಗಿ ಕಚ್ಚುವುದು, ಕಚ್ಚಿದ್ದಕ್ಕೆ ತೊಳೆಯುವುದು, ತೊಳೆದದ್ದಕ್ಕೆ ಇನ್ನಷ್ಟು ಬಿಗಿಯಾಗುವುದು. ಕೊನೆಗೆ ನಾನು ಎರಡು ಕೈ ಹಾಕಿ ಎಳೆದರೂ ಅದು ಅಲುಗದಂತಾಯಿತು. ನಾನು ಹರಳೆಣ್ಣೆ ಬಿಟ್ಟು ಬಿಸಿಲಿಗಿಟ್ಟೆ. ಕೀಲು ಸಡಿಲವಾಯಿತು, ಹಿಡಿಯೂ ಜಿಡ್ಡಾಯಿತು. ಆಗ ಮಾವನಿಗೆ ಮಣಿಕಟ್ಟಿನಿಂದ ಜಾಡಿಸಿದರೆ ಅಲಗು ತಾನಾಗಿ ಹೊರಬಂದೀತೆಂದು ತೋರಿತು. ಅಡುಗೆಮನೆಯ ಹೊಸಿಲಲ್ಲಿ ನಿಂತು ಜಾಡಿಸಿದರು. ಅಲಗು ಬಿಚ್ಚಲಿಲ್ಲ; ಚಾಕುವೇ ಕೈಬಿಟ್ಟು ನನ್ನ ಕಿವಿಯ ಪಕ್ಕದಲ್ಲಿ ಹಾರಿ ಮಜ್ಜಿಗೆಯೊಳಕ್ಕೆ ಬಿತ್ತು. ನಾನು ಸೌಟಿನಿಂದ ಎತ್ತಿ ನೆಲದ ಮೇಲಿಟ್ಟೆ. ಬಾಯಿ ತೆರೆದಿದ್ದರೆ ಏನು ಬರುತ್ತಿತ್ತೋ.

ಬಾಗಿಲಿನ ಕಥೆ ಅದರ ಮೇಲಿನದು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಅಲಗಿನ ಬೆನ್ನನ್ನು ಸಿಕ್ಕಿಸಿ, ಬಾಗಿಲನ್ನು ಭುಜದಿಂದ ಒತ್ತಿ ಹಿಡಿದು ಎಳೆಯುವುದು. ಒಂದೊಂದು ಪ್ರಯತ್ನಕ್ಕೂ ಒಂದೊಂದು ಕಚ್ಚು. ಶನಿವಾರ ಬಂದ ನಮ್ಮವರು ಚೀಲ ಇಳಿಸುವ ಮೊದಲೇ ನೋಡಿದರು.

“ಅಪ್ಪ, ಏನಿದು ಬಾಗಿಲು ಹಿಂಗಾಗಿದೆ?”

“ಹುಳ ಹಿಡ್ದದೆ.”

“ಹುಳ ಇಷ್ಟು ನೇರವಾಗಿ ಸಾಲು ಹಿಡ್ಕೊಂಡು ತಿನ್ನುತ್ತಾ?”

“ನಂಗೇನ್ ಗೊತ್ತಲಾ, ಮನೆ ಓನರ್ನ ಕೇಳು.”

ನಮ್ಮವರು ನನ್ನ ಮುಖ ನೋಡಿದರು. ನಾನು ಅವರೆಕಾಯಿ ಸುಲಿಯುತ್ತಿದ್ದೆ, ಸುಲಿಯುತ್ತಲೇ ಇದ್ದೆ. ಮುಂದಿನ ವಾರ ಅವರು ಚಾಕನ್ನು ಶಿರಾಕ್ಕೆ ಒಯ್ದು, ಅದನ್ನು ಮಾಡಿಕೊಟ್ಟಿದ್ದ ಸಾಹೇಬರ ಮಗನ ಅಂಗಡಿಯಲ್ಲಿ ಸ್ಪ್ರಿಂಗು ಸಡಿಲ ಮಾಡಿಕೊಡಿ ಎಂದು ಕೇಳಿದರಂತೆ. “ಸಡಿಲ ಮಾಡಿದ್ರೆ ನಿಮ್ ತಂದೆ ಬಡೇಮಿಯ್ಯಾ ಬೆರಳ್ ಮೇಲೇ ಮುಚ್ಕೊಂಬಿಡ್ತದೆ ಸಾಬ್. ಇನ್ನೊಂದ್ ಕೈನೂ ಹೋಗ್ಬೇಕಾ?” ಎಂದು ಅವನು ತುಕ್ಕು ಮಾತ್ರ ತೆಗೆದು ವಾಪಸು ಕೊಟ್ಟ. ಮಾವನಿಗೆ ಅದನ್ನು ಕೇಳಿ ಬಹಳ ಸಂತೋಷವಾಯಿತು. ಅಂಥ ಚಾಕು ಈಗ ಯಾರು ಮಾಡುತ್ತಾರೆ ಎಂದು ಎರಡು ದಿನ ಅದೇ ಮಾತು. ನನಗೆ ಎರಡು ದಿನ ಬಿಡುವು ಸಿಕ್ಕಿತು.

ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ಬದನೆಕಾಯಿ ಹೆಚ್ಚುತ್ತಿದ್ದೆ. ಮಾವ ಹೊಸಿಲ ಹೊರಗೆ ಗೋಡೆಗೆ ಒರಗಿ ಕೂತು, ಚಾಕನ್ನು ಮಂಡಿಗಳ ನಡುವೆ ಇರುಕಿಸಿ ಎಳೆಯುತ್ತಿದ್ದರು. ಪಂಚೆ ಪರ್ ಎಂದಿತು. ಹಿಂದಿನ ದಿನವಷ್ಟೇ ಹೊಲಿದು ಕೊಟ್ಟ ಪಂಚೆ. ನನ್ನ ಒಳಗೆ ಏನೋ ಒಂದು ಅಷ್ಟೇ ಸದ್ದು ಮಾಡಿಕೊಂಡು ಹರಿಯಿತು.

“ಮಾವ, ಕಾಲಿಲ್ವೆ ನಿಮಗೆ?” ಎಂದೆ.

ಅವರು ತಲೆ ಎತ್ತಿ ನೋಡಿದರು. ಅಷ್ಟು ಒರಟಾಗಿ ನಾನು ಅವರ ಜೊತೆ ಯಾವತ್ತೂ ಮಾತಾಡಿರಲಿಲ್ಲ. ನಾನು ಈಳಿಗೆಮಣೆಯ ಮೇಲಿದ್ದ ನನ್ನ ಬಲಗಾಲನ್ನು ತೋರಿಸಿದೆ. “ಇದನ್ನ ಯಾವ ಕೈಯಲ್ಲಿ ಹಿಡ್ಕೊಂಡಿದೀನಿ ನೋಡಿ. ಕಾಲಲ್ಲಿ ಮೆಟ್ಟಿ ಹಿಡ್ಕೊಂಡಿಲ್ವೆ? ಚಾಕೂನೂ ಹಾಗೇ ಮೆಟ್ಟಿ ಹಿಡ್ಕೊಳ್ಳಿ. ಅಲಗಿನ ಕಡೆ ಆಚೆಗಿರಲಿ. ಬಲಗೈಲಿ ಎಳೀರಿ. ಮುಗೀತು.”

ಮಾವ ಚಾಕನ್ನು ಎದೆಗೆ ಒತ್ತಿಕೊಂಡರು.

“ಆಯುಧಪೂಜೆ ದಿನ ನೀನೇ ವಿಭೂತಿ ಕುಂಕುಮ ಇಟ್ಟೆಯಲ್ಲಮ್ಮ ಇದಕ್ಕೆ. ಕಾಲ್ನಾಗೆ ತುಳೀ ಅಂತೀಯಾ?”

“ಈ ಈಳಿಗೆಮಣೆಗೂ ಅವತ್ತು ನಾನೇ ಇಟ್ಟದ್ದು. ಮಾರನೇ ದಿನದಿಂದ ಎರಡು ಹೊತ್ತೂ ತುಳೀತಾ ಇದೀನಿ. ತುಳಿಯದೆ ಇದ್ರೆ ನಿಮಗೆ ಸಾರು ಎಲ್ಲಿಂದ ಬರಬೇಕು?”

“ಅದು ಹೆಂಗಸ್ರುದು ಬುಡು.”

“ಹೆಂಗಸರಿಗೆ ಬೇರೆ ಕುಂಕುಮ ಇದೆಯಾ ಮಾವ?”

ಅವರು ಚಾಕನ್ನು ಜೇಬಿಗೆ ಹಾಕಿಕೊಂಡು ಎದ್ದುಹೋದರು. ಬದನೆಕಾಯಿ ಕಪ್ಪಾಗುವವರೆಗೆ ನಾನು ಹಾಗೇ ಕೂತಿದ್ದೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮುಖ ಕೊಡಲಿಲ್ಲ. ರಾತ್ರಿಯೂ ಇಲ್ಲ.

ಮೂರ್ನಾಲ್ಕು ದಿನ ಬಾಗಿಲಿಗೆ ಹೊಸ ಕಚ್ಚು ಬೀಳಲಿಲ್ಲ. ಆಮೇಲೆ ಒಂದು ಸಾಯಂಕಾಲ ಒಣಗಿದ ಬಟ್ಟೆ ತೆಗೆಯಲು ಹಿತ್ತಲ ಬಾಗಿಲಿಗೆ ಹೋದವಳು ಅಲ್ಲೇ ನಿಂತೆ. ನುಗ್ಗೆಮರದ ಆಚೆ, ಒಗೆಯುವ ಕಲ್ಲಿನ ಮೇಲೆ ಮಾವ ನನಗೆ ಬೆನ್ನು ಮಾಡಿ ಕೂತಿದ್ದರು. ಚಾಕನ್ನು ಎರಡು ಕಣ್ಣಿಗೂ ಒತ್ತಿಕೊಂಡರು. ತುಟಿಯಲ್ಲೇ ಏನೋ ಹೇಳಿಕೊಂಡರು. ತಪ್ಪಾಯಿತು ಎಂದೇ ಇರಬೇಕು. ಅದನ್ನು ಕಲ್ಲಿನ ಮೇಲಿಟ್ಟು, ಮಣ್ಣಾಗದಿರಲಿ ಎಂದು ಪಾದವನ್ನು ಪಂಚೆಯ ಅಂಚಿಗೆ ಒರೆಸಿ, ಮೆಲ್ಲಗೆ ಅದರ ಮೇಲಿಟ್ಟರು. ಬಗ್ಗಿ ಉಗುರು ಸಿಕ್ಕಿಸಿದರು. ಟಕ್ ಎಂದ ಸದ್ದು ನನ್ನವರೆಗೂ ಕೇಳಿತು. ಅವರು ಕದ್ದವರಂತೆ ಆಚೀಚೆ ನೋಡುವಷ್ಟರಲ್ಲಿ ನಾನು ಒಳಗೆ ಬಂದುಬಿಟ್ಟಿದ್ದೆ. ಬಟ್ಟೆ ಆ ರಾತ್ರಿ ಹೊರಗೇ ಉಳಿಯಿತು.

ಶನಿವಾರ ಮಗನನ್ನು ಎದುರಿಗೆ ಕೂರಿಸಿಕೊಂಡು ತೋರಿಸಿದರು. ಪಾದದ ಮೇಲೆ ಪಂಚೆಯನ್ನು ಅಗಲವಾಗಿ ಹರಡಿ, ಜಾದೂಗಾರರ ಹಾಗೆ ಬಲಗೈಯನ್ನು ಅದರ ಅಡಿಗೆ ತೂರಿಸಿ, ಬಿಚ್ಚಿದ ಚಾಕನ್ನು ಹೊರತೆಗೆದರು.

“ಒಂದೇ ಕೈಲಿ ಬಿಚ್ಚಿಬಿಟ್ಟೆಯಲ್ಲಪ್ಪ,” ಎಂದರು ನಮ್ಮವರು.

“ಮತ್ತಿನ್ನೇನು,” ಎಂದರು ಮಾವ. ಕಾಲಿನ ಮಾತು ಬರಲಿಲ್ಲ. ಈಳಿಗೆಮಣೆಯ ಮಾತಂತೂ ಬರಲೇ ಇಲ್ಲ. ನಾನು ಕಾಫಿ ಲೋಟಗಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಇಟ್ಟೆ.

ನಮ್ಮವರಿಗೆ ರಜ ಸಿಗಲಿಲ್ಲ. “ನೀನೇ ಅಪ್ಪನ್ನ ಕರ್ಕೊಂಡು ಹೋಗ್ಬಾ” ಎಂದರು ನನಗೆ. ಮಾವ ಅಲ್ಲಿಂದಲೇ, “ಅವ್ಳು ನನ್ನ ಕರ್ಕೊಂಡೋಗಾದಲ್ಲ ಕಣ್ಲಾ. ನಾನು ಅವ್ಳನ್ನ ಕರ್ಕೊಂಡೋಗಾದು. ದೊಡ್ಡತ್ತೇನ ನೋಡ್ಬೇಕು ಅಂತ ಒಂದೇ ಹಟ ಮಾಡಿದ್ಲು ಅಂತ ಹೇಳ್ತೀನಿ” ಎಂದರು. ಆಗಲಿ ಎಂದೆ. ಹಟ ಮಾಡಿದವಳು ನಾನೇ ಆದೆ.

ಹೊರಡುವ ದಿನ ಶಾಲನ್ನು ಹೆಗಲ ಹತ್ತಿರ ಸೇಫ್ಟಿ ಪಿನ್ನು ಹಾಕಿ, ಎಡಗೈ ಕಾಣದಂತೆ ಮೊಣಕೈ ಮಡಚಿ ಒಳಗೆ ಕೂರಿಸಿದೆ. ಬಸ್ಸಿನಲ್ಲಿ ಮಿಡಿಗೇಶಿ ದಾಟುವ ತನಕ ಅವರು ನನಗೆ ಪಾಠ ಹೇಳಿದರು: ಇಳಿಯುವಾಗ ತೋಳು ಹಿಡಿಯಬಾರದು, ಮುಂದೆ ಮುಂದೆ ಹೋಗಬಾರದು, ಅಕ್ಕ ಏನು ಕೇಳಿದರೂ ಉತ್ತರ ಅವರೇ ಕೊಡುತ್ತಾರೆ. ರಸ್ತೆ ಕೆಟ್ಟದ್ದು. ಬಸ್ಸು ಕುಲುಕಿದಾಗಲೆಲ್ಲ ಆ ಕೈ ತೊಡೆಯಿಂದ ಜಾರಿ ಸೀಟಿನ ಆಚೆ ಬೀಳುತ್ತಿತ್ತು. ನಾನು ಎತ್ತಿ ಶಾಲಿನೊಳಗಿಡುತ್ತಿದ್ದೆ. ಆಗೆಲ್ಲ ಮಾವ, ಅದು ಪಕ್ಕದ ಸೀಟಿನವರ ಕೈ ಎಂಬಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಆಂಧ್ರದ ಗಡಿ ಹತ್ತಿರವಾಗಿ ಕಂಡಕ್ಟರು ತೆಲುಗಿಗೆ ತಿರುಗಿಕೊಂಡ ಮೇಲೆ ಅವರು ಮಾತು ನಿಲ್ಲಿಸಿದರು. ಬಲಗೈ ಮಾತ್ರ ಪದೇ ಪದೇ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಪಾವಗಡದಲ್ಲಿ ಇಳಿದಾಗ ಮಧ್ಯಾಹ್ನ. ಕೋಟೆಬೆಟ್ಟದ ಬಂಡೆಗಳು ಕಣ್ಣು ಕುಕ್ಕುತ್ತಿದ್ದವು. ಚಳಿಗಾಲವೆಂಬುದು ಆ ಊರಿಗೆ ಯಾರೂ ಹೇಳಿದ ಹಾಗಿರಲಿಲ್ಲ. ಶಾಲು ಹೊದ್ದ ಒಬ್ಬ ಮನುಷ್ಯ ಆ ಬೀದಿಯಲ್ಲಿದ್ದರೆ ಅದು ನಮ್ಮ ಮಾವ.

ದೊಡ್ಡತ್ತೆ ಬಾಗಿಲಲ್ಲೇ ಇದ್ದರು. ಸಣ್ಣ ಆಳು, ಬಿಳಿ ಸೀರೆ, ಓಲೆ ತೆಗೆದ ಕಿವಿಯ ತೂತುಗಳು ಜೋತುಬಿದ್ದು ಉದ್ದವಾಗಿದ್ದವು.

“ವಚ್ಚಾವೇನ್ರಾ,” ಎಂದರು. “ಬಂದ್ಯಾ. ಸೊಸೇನೂ ಕರ್ಕಂಡ್ ಬಂದ್ಯಾ.”

“ಅವ್ಳೇ ಹಟ ಮಾಡಿದ್ಲು ಕಣಕ್ಕ,” ಎನ್ನುತ್ತ ಮಾವ ನೇರವಾಗಿ ಜಗಲಿಯ ಕಡೆ ಹೆಜ್ಜೆ ಹಾಕಿದರು. ಬಲಗೈ ಆಗಲೇ ಜೇಬಿನಲ್ಲಿತ್ತು.

“ಏಯ್, ಆಗ್ರಾ, ನಿಂತ್ಕ. ಕೈಕಾಲು ತೊಳ್ಕಂಡು ಕುಂತ್ಕ. ಬಸ್ಸಿನ ಧೂಳು.”

ಅವರ ಕೈಯಲ್ಲಿ ನೀರಿನ ಚೊಂಬಿತ್ತು. ಮಾವ ಹಿಂದಕ್ಕೆ ಬಂದು ಒಂದು ಕಾಲು ಮುಂದೆ ಮಾಡಿದರು, ನೀರು ಬಿತ್ತು. ಇನ್ನೊಂದು ಕಾಲು. ಆಮೇಲೆ ಬಲಗೈ ನೀಡಿದರು. ನೀರು ಅಂಗೈ ತುಂಬಿ, ಬೆರಳ ಸಂದಿಯಿಂದ ಸೋರಿ ಹೋಯಿತು. ಧೂಳು ಹಾಗೇ ಉಳಿಯಿತು.

“ಉಜ್ಜ್ಕ,” ಎಂದರು ದೊಡ್ಡತ್ತೆ.

ಮಾವ ಬೆರಳುಗಳನ್ನು ಅಂಗೈಯಲ್ಲೇ ಮಡಚಿ ಬಿಚ್ಚಿ ಮಾಡಿದರು. ನಾನು ಸೀಬೆಹಣ್ಣಿನ ಚೀಲ ಹಿಡಿದು ಹಿಂದೆ ನಿಂತಿದ್ದೆ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಗಣೇಶನ ಹಬ್ಬದಿಂದ ಅವತ್ತಿನವರೆಗೆ ಊಟಕ್ಕೆ ಮೊದಲು, ಊಟದ ಮೇಲೆ, ಆ ಬಲಗೈಗೆ ನೀರು ಹಾಕಿ ಸೋಪು ಹಚ್ಚಿ ಉಜ್ಜಿ ತೊಳೆದವಳು ನಾನೇ. ಹೊರಗಿಂದ ಬಂದವರಿಗೆ ಮೊದಲು ನೀರು ಕೊಡದ ಮನೆ ಈ ಸೀಮೆಯಲ್ಲಿ ಇಲ್ಲ. ಆದರೂ ನನಗೂ ಮಾವನಿಗೂ ಅದು ಹೊಳೆಯಲಿಲ್ಲ. ಹಲ್ಲು, ಬಾಗಿಲು, ಮಂಡಿ, ಪಾದ ಎಂದು ಅಷ್ಟೆಲ್ಲ ಹೆಣಗಾಡಿ ಬಂದು, ಜಗಲಿಯನ್ನು ಮುಟ್ಟುವುದಕ್ಕೂ ಆಗಲಿಲ್ಲ.

“ಇಂಕೊಂದು ಚೆಯ್ಯಿ ಏದ್ರಾ?” ಎಂದರು ದೊಡ್ಡತ್ತೆ. ಇನ್ನೊಂದು ಕೈ ಎಲ್ಲಿ ಎಂದು.

“ಐತೆ.”

“ಐತೆ ಅಂದ್ರೆ ನೀಡು.”

“ಚಳಿ ಕಣಕ್ಕ.”

ದೊಡ್ಡತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಒಮ್ಮೆ ಸೂರ್ಯನ ಕಡೆ ನೋಡಿದರು. ಚೊಂಬನ್ನು ಕೆಳಗಿಟ್ಟರು. ಹತ್ತಿರ ಬಂದು ನಾನು ಹಾಕಿದ್ದ ಪಿನ್ನನ್ನು ಬಿಚ್ಚಿ ತಮ್ಮ ಸೆರಗಿಗೆ ಚುಚ್ಚಿಕೊಂಡರು. ಶಾಲು ಸರಿಸಿದರು. ಕೈ ಜಾರಿ ಕೆಳಗೆ ತೂಗಿತು.

ಅಳುತ್ತಾರೆ ಎಂದುಕೊಂಡೆ. ಮಾವ ಕಣ್ಣು ಮುಚ್ಚಿಕೊಂಡಿದ್ದರು. ದೊಡ್ಡತ್ತೆ ಅಳಲಿಲ್ಲ. ತಮ್ಮನ ಮುಖವನ್ನೂ ನೋಡಲಿಲ್ಲ. ಆ ಕೈಯನ್ನು ಮೊಣಕೈ ಹತ್ತಿರ ಹಿಡಿದು ಎತ್ತಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿದರು, ಸಂತೆಯಲ್ಲಿ ತರಕಾರಿ ನೋಡುವ ಹಾಗೆ.

“ಈ ಕೈಯಿ ನಂಗೆ ಗೊತ್ತು,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಎಂದಿಂದ?”

“ಗಣೇಶನ ಹಬ್ಬ ಆದ ಮೇಲೆ, ದೊಡ್ಡತ್ತೆ.”

“ಕಾಲು?”

“ಕಾಲು ಸರಿಹೋಗಿದೆ.”

“ಮಾತು?”

“ಮಾತಿಗೇನೂ ಆಗಿಲ್ಲ,” ಎಂದೆ. ನಿಟ್ಟುಸಿರನ್ನು ತಡೆಯಲಾಗಲಿಲ್ಲ.

ಮಾವ ಕಣ್ಣು ಬಿಟ್ಟರು. “ಅಕ್ಕ, ಒಂದ್ ಗಳಿಗೆ ಇರು. ಭಾವನ ತರ ಅಲ್ಲ ನಂದು. ನೋಡು ಇಲ್ಲಿ.” ಸರಸರನೆ ಹೋಗಿ ಜಗಲಿಯ ಮೇಲೆ ಕೂತರು. ಜೇಬಿನಿಂದ ಚಾಕು ತೆಗೆದರು. ಪಂಚೆ ಹರಡುವುದನ್ನು ಮರೆತರು, ಕಣ್ಣಿಗೆ ಒತ್ತಿಕೊಳ್ಳುವುದನ್ನೂ ಮರೆತರು. ಪಾದದಡಿ ಒತ್ತಿ ಹಿಡಿದು ಎಳೆದರು. ಟಕ್ ಎಂದು ಬಿಚ್ಚಿಕೊಂಡಿತು, ಅಷ್ಟು ಚೆನ್ನಾಗಿ ಮನೆಯಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ. “ನೋಡ್ದಾ? ಒಂದೇ ಕೈ.”

“ಚೂಸಿನಾನು, ನೋಡ್ದೆ ಬುಡು,” ಎಂದರು ದೊಡ್ಡತ್ತೆ. “ನಿಮ್ ಭಾವನೂ ಒಂದೇ ಕೈನಾಗೆ ಬೆಂಕಿಕಡ್ಡಿ ಗೀರಿ ಬೀಡಿ ಹಚ್ಕಂತಿದ್ದ. ಬೀದಿ ಜನವೆಲ್ಲ ನಿಂತು ನೋಡೋರು. ನಾನೂ ಶಭಾಸ್ ಅಂತ ನೋಡ್ಕಂಡ್ ಕುಂತಿದ್ದೆ. ಒಳ್ಳೆ ಕೈ ಎಲ್ಲಾ ಕಲೀತು. ಕೆಟ್ಟ ಕೈಗೆ ಯಾರೂ ಏನೂ ಮಾಡ್ಲಿಲ್ಲ. ಅದು ಒಣಗಿ ಕಡ್ಡಿ ಆಯ್ತು.” ಮತ್ತೆ ನನ್ನನ್ನು ಕೇಳಿದರು: “ಇದಕ್ಕೇನ್ ಮಾಡ್ತಿದೀರಮ್ಮ? ಎಣ್ಣೆ ಗಿಣ್ಣೆ?”

“ಶಿರಾದ ಹಕೀಮರ ಹತ್ರ ಎಣ್ಣೆ ತಂದಿದ್ವಿ. ಹಚ್ಚೋದಕ್ಕೆ ಬಿಡಲಿಲ್ಲ.”

“ವಾಸ್ನೆ ಕಣಕ್ಕ ಅದು,” ಎಂದರು ಮಾವ. “ಮೇಲಾಗಿ ಜಿಡ್ಡು. ಬಲಗೈಗೂ ಹತ್ಕಂತದೆ, ಚಾಕು ಜಾರ್ತದೆ.”

“ವಾಸ್ನೆ ನಂಗೆ ಬರಾಕಿಲ್ಲ ಅಂದ್ಕ. ದಿನಾ ಎರಡೊತ್ತು ಉಜ್ತೀನಿ. ಅದು ಎದ್ದೇಳ್ತದೋ ಬುಡ್ತದೋ ನೋಡಾಣ. ಅಲ್ಲಿಗಂಟ ನೀನು ಇಲ್ಲಿಂದ ಕದಲಂಗಿಲ್ಲ.” ನನಗೆ: “ನೀನು ಸಾಯಂಕಾಲದ ಬಸ್ಸಿಗೆ ಹೋಗಮ್ಮ. ಇವ್ನ ಪಂಚೆ ಅಂಗಿ ಕಂಡಕ್ಟರ್ ಕೈನಾಗೆ ಕಳ್ಸು.”

ಮಾವ ವಾದ ಮಾಡುತ್ತಾರೆಂದು ಕಾದೆ. ಎರಡು ತಿಂಗಳಿಂದ ನನ್ನ ಒಂದು ಮಾತಿಗೂ ಎದುರು ಹೇಳದೆ ಬಿಟ್ಟವರಲ್ಲ. “ಆಗ್ಲಿ ಬುಡಕ್ಕ” ಎಂದರು ಮಾವ, ಚಿಕ್ಕ ಹುಡುಗನ ದನಿಯಲ್ಲಿ. ದೊಡ್ಡತ್ತೆ ಆ ಕೈಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದುಕೊಂಡೇ ಅವರನ್ನು ಒಳಗೆ ನಡೆಸಿಕೊಂಡು ಹೋದರು. ಎಣ್ಣೆ ಎಲ್ಲಿಟ್ಟೆನೋ ಎಂದು ಗೊಣಗಿದ್ದು, ಬೀರುವಿನ ಮೇಲೆ ನೋಡು ಎಂದು ಮಾವ ಹೇಳಿದ್ದು ಹೊರಗೆ ಕೇಳಿಸಿತು. ಆಮೇಲೆ ಇಬ್ಬರೂ ಒಟ್ಟಿಗೇ ಏನೇನೋ ಮಾತಾಡತೊಡಗಿದರು, ಅರ್ಧ ತೆಲುಗು, ಅರ್ಧ ಕನ್ನಡ.

ನಾನು ಬಿಸಿಲಲ್ಲಿ ನಿಂತಿದ್ದೆ. ನನಗೆ ನೀರು ಕೊಡಬೇಕೆಂಬುದು ಇಬ್ಬರಿಗೂ ನೆನಪಾಗಿರಲಿಲ್ಲ. ಸ್ವಲ್ಪ ಹೊತ್ತು ಕಾದು, ಚೀಲವನ್ನು ಜಗಲಿಯ ಮೇಲಿಟ್ಟೆ. ಚೊಂಬಿನ ತಳದಲ್ಲಿ ಉಳಿದಿದ್ದ ನೀರಿನಲ್ಲೇ ನನ್ನ ಕಾಲು ನಾನೇ ತೊಳೆದುಕೊಂಡು ಒಳಗೆ ಹೋದೆ.